ಆ ದಿನ ನಾನು ಒಯ್ದ ಎಣ್ಣೆ

ದೊಡ್ಡ ಹಾರಾ ಯೆಹೂದಿ ಕೇರಿ, ಜೆರ್ಬಾ ದ್ವೀಪ
ಎಲುಲ್ ಮಾಸದ ಹನ್ನೊಂದನೆಯ ದಿನ, ಬುಧವಾರ

ನನ್ನ ಕಣ್ಣಿನ ಬೆಳಕಾದ ಕಮೂನಾಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ದೇಹಸ್ಥಿತಿ ಹೇಗಿದೆ, ಮಗಳೇ? ಈ ಪ್ರಶ್ನೆಯನ್ನು ಪ್ರತಿ ಪತ್ರದ ಮೊದಲ ಸಾಲಿನಲ್ಲಿ ಬರೆದು, ಕ್ಷೇಮವಾಗಿರುವೆಯೆಂದು ನಾವೇ ಭಾವಿಸಿಕೊಂಡು, ಎರಡನೆಯ ಸಾಲಿಗೆ ಹೊರಟುಬಿಡುವುದು ನಮ್ಮ ಮನೆಯ ವಾಡಿಕೆ. ಈ ಸಲ ನನಗೆ ಎರಡನೆಯ ಸಾಲಿಗೆ ದಾಟಲು ಆಗುತ್ತಿಲ್ಲ. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಕುಳಿತವನು ಇಷ್ಟರೊಳಗೆ ಎರಡು ಪತ್ರ ಬರೆದು ಎರಡನ್ನೂ ಒಲೆಗೆ ಹಾಕಿದ್ದೇನೆ. ನಡುನಡುವೆ ಎದ್ದು ಅಂಗಳದಲ್ಲಿ ಸುತ್ತಿದ್ದೇನೆ, ಮಳೆನೀರಿನ ತೊಟ್ಟಿಯ ಮುಚ್ಚಳ ತೆರೆದು ಕಾರಣವಿಲ್ಲದೆ ಇಣುಕಿದ್ದೇನೆ, ಮತ್ತೆ ಬಂದು ಕುಳಿತಿದ್ದೇನೆ. “ತೊಟ್ಟಿ ಇಣುಕಿದ್ರೆ ಮಳೆ ಬರುತ್ತೇನ್ರೀ? ಐವತ್ತು ವರ್ಷ ಸುರುಳಿ ಬರೆದ ಕೈಗೆ ಮಗಳಿಗೆ ನಾಲ್ಕು ಸಾಲು ಬರೆಯೋಕೆ ಇಷ್ಟು ಹೊತ್ತಾ?” ಎಂದು ನಿನ್ನ ತಾಯಿ ಅಡುಗೆಮನೆಯಿಂದಲೇ ಚುಚ್ಚಿದಳು. ಧರ್ಮಗ್ರಂಥದ ಸುರುಳಿಯಲ್ಲಿ ಅಕ್ಷರ ತಪ್ಪಿದರೆ ಚರ್ಮದ ಮೇಲಿನ ಮಸಿಯನ್ನು ಚಾಕುವಿನಿಂದ ಕೆರೆದು ಮತ್ತೆ ಬರೆಯುತ್ತೇನೆ. ಈ ಪತ್ರದಲ್ಲಿ ಹೇಳಬೇಕಾದದ್ದು ಕೆರೆಯಲು ಬಾರದ ಜಾತಿಯದು.

ಮೊದಲು ಇಲ್ಲಿಯ ಸಮಾಚಾರ ಕೇಳು. ಎಲುಲ್ ಹುಟ್ಟಿದ ದಿನದಿಂದ ಕ್ಷಮಾಪ್ರಾರ್ಥನೆಗಾಗಿ ಬೆಳಕು ಹರಿಯುವ ಮುನ್ನವೇ ಮಂದಿರ ಸೇರುತ್ತಿದ್ದೇವೆ. ಅರ್ಧ ಊರು ಫ್ರಾನ್ಸಿಗೆ, ಜೆರೂಸಲೇಮಿಗೆ ಹೊರಟುಹೋಗಿದ್ದರೂ ಈ ತಿಂಗಳಲ್ಲಿ ಚಾಪೆಗೆ ಬರವಾಗುತ್ತದೆ. ಪಾಪದ ನೆನಪು ಜನರನ್ನು ಎಬ್ಬಿಸುವಷ್ಟು ಚೆನ್ನಾಗಿ ಮಂದಿರದ ಸೇವಕನೂ ಎಬ್ಬಿಸಲಾರ. ನಿನ್ನ ತಾಯಿ ಮೈಸಾಳಿಗೆ ಎಪ್ಪತ್ತು ತುಂಬಿತು. ಮಂಡಿ ನೋವೊಂದನ್ನು ಬಿಟ್ಟರೆ ಗಟ್ಟಿಯಾಗಿದ್ದಾಳೆ, ಆ ಗಟ್ಟಿತನಕ್ಕೆ ಅವಳ ನಾಲಿಗೆಯೇ ಸಾಕ್ಷಿ. ನಿನ್ನೆ ಪಾಪಾಸುಕಳ್ಳಿ ಹಣ್ಣು ಮಾರುವವನ ಬುಟ್ಟಿಯನ್ನೆಲ್ಲ ಒತ್ತಿ ಒತ್ತಿ ನೋಡಿ, “ಏನಪ್ಪಾ ಇದು, ಈ ಹಣ್ಣಿಗಿಂತ ನಮ್ಮನೆ ಮುದುಕರೇ ಎಳೇ ಕಾಯಿ” ಎಂದಳು. ಅವನು ನಗುತ್ತ ಎರಡು ಹಣ್ಣು ಹೆಚ್ಚಿಗೆ ಹಾಕಿ ಹೋದ. ಅಂಗಳದ ದಾಳಿಂಬೆ ಈ ವರ್ಷ ಚೆನ್ನಾಗಿ ಕಾಯಿಬಿಟ್ಟಿದೆ, ಹೊಸ ವರ್ಷದ ರಾತ್ರಿಯ ತಟ್ಟೆಗೆ ಸಾಕಾಗಿ ಮಿಗುತ್ತದೆ. ಪಕ್ಕದ ಓಣಿಯ ಬೆಳ್ಳಿ ಕೆಲಸದ ಖಲ್ಫೋನ್ ತನ್ನ ಅಣ್ಣನ ಮಗಳ ಮದುವೆಗೆಂದು ಇಂದು ಸಂಜೆಯ ವಿಮಾನದಲ್ಲಿ ನಿಮ್ಮ ಮಾರ್ಸೇಲ್ಸಿಗೆ ಬರುತ್ತಿದ್ದಾನೆ. “ಮಧ್ಯಾಹ್ನದ ಮೇಲೆ ಬಂದು ಪತ್ರ ಇಸ್ಕೊಂಡು ಹೋಗ್ತೀನಿ, ರಾತ್ರಿನೇ ಕಮೂನಾ ಅಕ್ಕನ ಕೈಗೆ ಕೊಡ್ತೀನಿ, ಹರಕೆ ಅಲ್ಲ” ಎಂದು ಹೇಳಿ ಹೋಗಿದ್ದಾನೆ. ನಮ್ಮ ಜನ ನಿನಗೆ ಗೊತ್ತಲ್ಲ. ಬರುತ್ತೇನೆ ಎನ್ನುವವನು ‘ಹರಕೆ ಅಲ್ಲ’ ಎಂಬ ಎರಡು ಪದಗಳನ್ನು ಸೇರಿಸದೆ ಹೊಸ್ತಿಲು ದಾಟುವುದಿಲ್ಲ. ಆಡಿದ ಮಾತು ಈಡೇರದೆ ಉಳಿದು ಆಡಿದವನ ಕೊರಳಿಗೆ ಗಂಟಾಗಬಾರದಲ್ಲ! ನಿನ್ನ ತಾಯಿಯಂತೂ ಸಂಜೆಗೆ ಹುರುಳಿಕಾಯಿ ಸಾರು ಮಾಡುತ್ತೇನೆ ಎನ್ನುವುದಕ್ಕೂ ಅದನ್ನು ಸೇರಿಸುತ್ತಾಳೆ. ನಾನು ಈ ಎಪ್ಪತ್ತನಾಲ್ಕು ವರ್ಷಗಳಲ್ಲಿ ಆ ಎರಡು ಪದಗಳ ಕಾವಲಿಲ್ಲದೆ ಒಂದು ಭರವಸೆಯನ್ನೂ ಬಾಯಿಂದ ಹೊರಗೆ ಬಿಟ್ಟವನಲ್ಲ. ನಮ್ಮ ಮನೆಯಲ್ಲಿ ಅವನ್ನು ಸೇರಿಸದೆ ಮಾತು ಕೊಟ್ಟವಳು ನೀನೊಬ್ಬಳೇ, ಅದೂ ಹನ್ನೆರಡರ ವಯಸ್ಸಿನಲ್ಲಿ.

ಇನ್ನು ಸುತ್ತು ಬಳಸುವುದಿಲ್ಲ. ಕೊರಿನ್ ನನಗೆ ಪತ್ರ ಬರೆದಿದ್ದಾಳೆ. ಅವಳ ಮೇಲೆ ಕೋಪಿಸಿಕೊಳ್ಳಬೇಡ. ತಾಯಿಗಾಗಿ ಮಗಳು ಮರ್ಯಾದೆ ಮೀರಿದ್ದು ನಮ್ಮ ವಂಶದಲ್ಲಿ ಇದೇ ಮೊದಲಲ್ಲ. ಅವಳ ಅಕ್ಷರ ಕೋಳಿ ಕೆದಕಿದ ಹಾಗಿದೆ, ಆದರೆ ಮಾತು ಕಲ್ಲಿನಲ್ಲಿ ಕೊರೆದ ಹಾಗಿದೆ. “ಅಜ್ಜಾ, ಕಳೆದ ಗುರುವಾರ ಅಮ್ಮ ಮೆಟ್ಟಿಲ ಮೇಲೆ ಬಿದ್ದುಬಿಟ್ಟಳು. ಸಕ್ಕರೆ ಕಾಯಿಲೆ ಇರೋರು ವಾರಕ್ಕೆರಡು ದಿನ ನೀರೂ ಮುಟ್ಟದೆ ಇದ್ರೆ ಏನಾಗುತ್ತೆ ಅಂತ ನಾನು ದಿನಾ ವಾರ್ಡಿನಲ್ಲಿ ನೋಡ್ತೀನಿ. ಮೂತ್ರಪಿಂಡ ಆಗಲೇ ಅರ್ಧ ಹೋಗಿದೆ. ಇನ್ನೊಂದು ಸಲ ಹೀಗಾದ್ರೆ ಏಳೋದು ಕಷ್ಟ ಅಂತ ಡಾಕ್ಟರು ಹೇಳಿದ್ರು. ನಾನೂ ನರ್ಸು ಅಜ್ಜಾ, ನನಗೆ ಅವರು ಸುಳ್ಳು ಹೇಳಲ್ಲ. ಅಮ್ಮ ಯಾರ ಮಾತೂ ಕೇಳ್ತಿಲ್ಲ. ಊರಿನವರ ಹರಕೆ ಬಿಡಿಸೋ ಮೂವರಲ್ಲಿ ನೀವೂ ಒಬ್ಬರಲ್ವಾ? ಎಲ್ಲರದ್ದೂ ಬಿಡಿಸ್ತೀರ, ನಿಮ್ಮ ಮಗಳದ್ದು ಮಾತ್ರ ಯಾಕೆ ಬಿಡಿಸಲ್ಲ?” ಈ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕಾಗದವನ್ನು ಮಡಿಸಿ ಪುಸ್ತಕಗಳ ಅಡಿಯಲ್ಲಿಟ್ಟೆ. ಅಲ್ಲಿಂದಲೂ ಅದು ಕೇಳುತ್ತಲೇ ಇದೆ.

ಅದಕ್ಕಾಗಿಯೇ ಭಾನುವಾರ ಹೂಮ್ತ್ ಸೂಕ್ ಪೇಟೆಯ ಫೋನ್ ಅಂಗಡಿಗೆ ಹೋಗಿ ಫೋನಿನಲ್ಲಿ ನಿನ್ನನ್ನು ಹಿಡಿದದ್ದು. ಪ್ರಾಣಕ್ಕೆ ಅಪಾಯವಿರುವಲ್ಲಿ ಉಪವಾಸ ಪುಣ್ಯವಲ್ಲ, ಪಾಪ ಎಂದು ನಾನು ಶಾಸ್ತ್ರ ಹೇಳಿದೆ. “ಪ್ರಾಣಕ್ಕೇನೂ ಆಗಿಲ್ಲ ಅಪ್ಪಾ, ತಲೆ ಸುತ್ತಿತು ಅಷ್ಟೆ, ಕೊರಿನ್ ಒಂದಕ್ಕೆ ಹತ್ತು ಮಾಡ್ತಾಳೆ” ಎಂದೆ ನೀನು. ಹಾಗಾದರೆ ಮೂವರ ಮುಂದೆ ನಿಂತು ಹರಕೆ ಬಿಡಿಸಿಕೋ ಎಂದೆ ನಾನು. ಆಗ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಬಿಡಿಸ್ಕೊಳ್ಳೋದು ಅಂದ್ರೆ ಏನಪ್ಪಾ, ಅಂಗಡಿಗೆ ಬಟ್ಟೆ ವಾಪಸ್ ಕೊಟ್ಟ ಹಾಗಾ? ನಾನು ಕೊಟ್ಟದ್ದನ್ನ ನಾನು ಹಿಂದಕ್ಕೆ ತಗೊಂಡ್ರೆ, ದೇವರು ಕೊಟ್ಟದ್ದನ್ನ ಅವನೂ ಹಿಂದಕ್ಕೆ ಕೇಳ್ತಾನೆ. ಅಮ್ಮ ಚೆನ್ನಾಗಿದ್ದಾಳಲ್ಲ? ಹಂಗೇ ಇರ್ಲಿ ಬಿಡಿ.” ಆಮೇಲೆ ಅಲ್ಲಿಯ ಗುರುಗಳ ಬಳಿ ಹೋಗಿದ್ದ ಸಂಗತಿಯನ್ನೂ ನೀನೇ ಹೇಳಿದೆ. ಹರಕೆ ಬಿಡಿಸುವ ಮೂವರು ಬಾಗಿಲೊಂದನ್ನು ಹುಡುಕಬೇಕು; ಹರಕೆ ಹೊತ್ತವನಿಗೆ ಹೊರುವಾಗ ತಿಳಿಯದೆ ಇದ್ದ ಸಂಗತಿಯೊಂದು ಸಿಗಬೇಕು; ಅದು ತಿಳಿದಿದ್ದರೆ ಹೊರುತ್ತಿರಲಿಲ್ಲ ಎಂದು ಅವನು ಮನಸಾರೆ ಹೇಳಬೇಕು. ಆಗ ಮಾತ್ರ ಅವರು ‘ಬಿಡುಗಡೆ’ ಎನ್ನಬಲ್ಲರು. ಅವರು ನಿನ್ನನ್ನು ಕೇಳಿದರಂತೆ, ಮುಂದೆ ಇಂಥ ಕಾಯಿಲೆ ಬರುತ್ತದೆ ಎಂದು ಗೊತ್ತಿದ್ದರೆ ಹೊರುತ್ತಿದ್ದೆಯಾ ಎಂದು. ನೀನು ಒಂದು ಗಳಿಗೆಯೂ ಯೋಚಿಸದೆ, ಹೊರುತ್ತಿದ್ದೆ ಎಂದೆಯಂತೆ. ಅವರು ಪುಸ್ತಕ ಮುಚ್ಚಿದರಂತೆ. ಮುಚ್ಚದೆ ಏನು ಮಾಡಿಯಾರು? ಹರಕೆಯ ನಂತರ ಹುಟ್ಟಿದ ಕಾರಣ ಹೇಗೂ ಗಟ್ಟಿಯಾದ ಬಾಗಿಲಲ್ಲ. ಬಾಗಿಲು ಆ ದಿನವೇ ಅಲ್ಲಿ ಇದ್ದಿರಬೇಕು, ನಿನ್ನ ಕಣ್ಣಿಗೆ ಬೀಳದೆ. ನಿನ್ನ ಗಂಡ ವಿಕ್ತೋರ್‌ಗೂ ಮದುವೆಗೆ ಮುಂಚಿನ ಹರಕೆಯ ಮೇಲೆ ಅಧಿಕಾರವಿಲ್ಲ. ಆ ಒಳ್ಳೆಯ ಮನುಷ್ಯ ಸೋಮವಾರ ಗುರುವಾರ ಮೇಜಿನ ಮುಂದೆ ಒಬ್ಬನೇ ಕುಳಿತು ಉಂಡು ಏಳುವುದನ್ನು ನಾನೇ ಕಂಡಿದ್ದೇನೆ.

ಈಗ ಆ ದಿನಕ್ಕೆ ಹೋಗಬೇಕು. ಹೋಗಲು ಮನಸ್ಸು ಹಿಂದೇಟು ಹಾಕುತ್ತಿದೆ, ಆದರೂ ಹೋಗುತ್ತೇನೆ. ತಮೂಜ್ ಮಾಸ, ಮಂಗಳವಾರ. ನಿನಗೆ ಹನ್ನೆರಡು ತುಂಬಿ ನಾಲ್ಕನೆಯ ತಿಂಗಳು. ಬೇಸಿಗೆಯಲ್ಲಿ ತೊಟ್ಟಿಯ ನೀರು ತಳ ಕಂಡು ಊರಿಗೆಲ್ಲ ವಿಷಮಜ್ವರ ಹಬ್ಬಿತ್ತು. ನಿನ್ನ ತಾಯಿ ಹದಿನೇಳು ದಿನಗಳಿಂದ ಮಲಗಿದ್ದಳು. ಜ್ವರ ನಿನಗೂ ತಾಗಬಾರದೆಂದು ನಿನ್ನನ್ನು ಹಬೀಬಾ ಅತ್ತೆಯ ಮನೆಗೆ ಕಳುಹಿಸಿದ್ದೆ. ಅಲ್ಲಿ ನಿನಗೆ ಯಾರೂ ಏನೂ ಹೇಳುತ್ತಿರಲಿಲ್ಲ. ನೀನು ಅವರ ಮುಖಗಳನ್ನು ಓದಿಕೊಂಡೆ. ಆ ಮಧ್ಯಾಹ್ನ ಅತ್ತೆ ನೆರೆಯವಳೊಡನೆ, “ಇನ್ನು ದೇವರೊಬ್ಬನೇ ಕಾಪಾಡಬೇಕಷ್ಟೆ” ಎಂದದ್ದು ನಿನ್ನ ಕಿವಿಗೆ ಬಿತ್ತು. ನಾನು ಅಪರಾಹ್ನದ ಪ್ರಾರ್ಥನೆಗೆ ಒಂದು ಸೀಸೆ ಎಣ್ಣೆ ಹಿಡಿದು ಬಂದಿದ್ದೆ. ಅದನ್ನು ದೀಪಕ್ಕೆ ಎರೆಯುತ್ತಿದ್ದಂತೆಯೇ ನೀನು ಬರಿಗಾಲಿನಲ್ಲಿ, ತಲೆಗೂದಲು ಕೆದರಿಕೊಂಡು, ಗಂಡಸರ ನಡುವಿನಿಂದ ಬಾಣದಂತೆ ನುಗ್ಗಿ ಬಂದು, ಸುರುಳಿಗಳ ಕಪಾಟಿನ ಪರದೆಯನ್ನು ಎರಡೂ ಕೈಗಳಿಂದ ಸರಿಸಿದೆ. ಹೆಂಗಸರು ಕಷ್ಟದಲ್ಲಿ ಹಾಗೆ ಮಾಡುವುದುಂಟು, ಆದರೆ ಆ ವಯಸ್ಸಿನ ಹುಡುಗಿ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. “ನನ್ನಮ್ಮನ್ನ ನನಗೆ ಕೊಟ್ಟುಬಿಡು! ಕೊಟ್ರೆ ನಾನು ಸಾಯೋವರೆಗೂ ಸೋಮವಾರ ಗುರುವಾರ ಒಂದು ತುತ್ತು ತಿನ್ನಲ್ಲ, ಒಂದು ಹನಿ ಕುಡಿಯಲ್ಲ!” ಎಂದು ನೀನು ಕೂಗಿದಾಗ ಗೋಡೆಗೆ ಒರಗಿ ಕುಳಿತಿದ್ದ ಮುದುಕರೆಲ್ಲ ಎದ್ದು ನಿಂತು “ಆಮೆನ್” ಎಂದರು. ಬಹುಮಂದಿ ಅತ್ತರು. ಅಂದಿನ ಹಿರಿಯ ಗುರುಗಳು ನನ್ನ ಭುಜ ಹಿಡಿದು, “ಇಂಥ ಮಗಳು ಹುಟ್ಟಿದ ಮನೆಗೆ ಮೃತ್ಯು ಬರೋಕೆ ನಾಚ್ಕೊಳ್ಳುತ್ತೆ ಕಣೋ ಫ್ರಾಜಿ” ಎಂದರು. ಮರುದಿನ ನಿನ್ನ ತಾಯಿ ಕಣ್ಣು ತೆರೆದು ಗಂಜಿ ಕೇಳಿದಳು. ಈ ಕಥೆ ನಿನಗೂ ಗೊತ್ತು, ಊರಿಗೂ ಗೊತ್ತು. ಊರಿಗೆ ಗೊತ್ತಿರಲೆಂದು ನಾನೇ ನೋಡಿಕೊಂಡೆ.

ನಿನಗೆ ಗೊತ್ತಿಲ್ಲದ್ದನ್ನು ಈಗ ಕೇಳು. ಹನ್ನೆರಡು ತುಂಬಿ ಇನ್ನೂ ಹನ್ನೆರಡೂವರೆ ಆಗದ ಮಗಳು ಹರಕೆ ಹೊತ್ತರೆ, ಅದನ್ನು ರದ್ದು ಮಾಡುವ ಅಧಿಕಾರ ಅವಳ ತಂದೆಗಿದೆ. ಅದಕ್ಕೆ ಮೂವರು ಬೇಡ, ಬಾಗಿಲು ಹುಡುಕುವುದು ಬೇಡ, ವಾದ ಬೇಡ. ‘ರದ್ದು’ ಎಂಬ ಒಂದೇ ಮಾತು ಸಾಕು. ಆದರೆ ಅವನು ಕೇಳಿದ ದಿನವೇ, ಸೂರ್ಯ ಮುಳುಗುವುದರೊಳಗೆ ಹೇಳಬೇಕು. ಕೇಳಿಯೂ ಸುಮ್ಮನಿದ್ದರೆ ಅವನ ಮೌನವೇ ಒಪ್ಪಿಗೆಯಾಗಿ ಹರಕೆ ನಿಲ್ಲುತ್ತದೆ. ಇದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಈ ಭಾಗವನ್ನು ನನ್ನ ಕೈಯಾರೆ ಎಷ್ಟು ಸುರುಳಿಗಳಲ್ಲಿ ಬರೆದಿದ್ದೇನೋ! ಮಂದಿರದಿಂದ ಹೊರಟಾಗ ಸೂರ್ಯ ಇನ್ನೂ ಎರಡಾಳು ಎತ್ತರದಲ್ಲಿದ್ದ. ಹಬೀಬಾಳ ಮನೆಗೆ ಹೋಗಿ ಕೈಕಾಲು ತೊಳೆದು ನಿನ್ನನ್ನು ಹತ್ತಿರ ಕೂರಿಸಿಕೊಂಡು ಆ ಒಂದು ಮಾತನ್ನು ಹೇಳಬೇಕೆಂದೇ ಹೊರಟಿದ್ದೆ, ನಿಜವಾಗಿಯೂ. ದಾರಿಯಲ್ಲಿ ಬಟ್ಟೆ ನೇಯುವವನು ಮಗ್ಗ ಬಿಟ್ಟು ಎದ್ದು ಬಂದು ನನ್ನ ಕೈ ಕಣ್ಣಿಗೊತ್ತಿಕೊಂಡ. ಎಣ್ಣೆ ಗಾಣದವನು ಕೂರಿಸಿ ಕಾಫಿ ಕೊಟ್ಟ. ಆ ವರ್ಷ ನನ್ನ ಎರಡು ಸುರುಳಿಗಳು ತಪ್ಪು ಹೆಚ್ಚೆಂದು ಹಿಂದಕ್ಕೆ ಬಂದಿದ್ದವು, ಮಗಳೇ; ಓಣಿಯಲ್ಲಿ ಜನ ನನ್ನ ಕಣ್ಣು ತಪ್ಪಿಸಿ ನಡೆಯುತ್ತಿದ್ದ ಕಾಲ ಅದು. ಅಂಥವನನ್ನು ಆ ಸಂಜೆ ಎಲ್ಲರೂ ನಿಲ್ಲಿಸಿ ಮಾತನಾಡಿಸಿದರು. ನಾನೂ ನಿಂತೆ. ಪ್ರತಿಯೊಬ್ಬನ ಎದುರಿಗೂ ನಿಂತೆ. ಕೊನೆಯವನ ಕೈ ಬಿಡಿಸಿಕೊಂಡು ತಲೆಯೆತ್ತಿದಾಗ ಮಂದಿರದ ಮಾಡಿನ ಮೇಲೆ ಮೂರು ನಕ್ಷತ್ರಗಳಿದ್ದವು.

ಅಲ್ಲಿಂದ ಮುಂದೆ ನಡೆದದ್ದು ನನ್ನ ಪಾಲಿಗೆ ಏರುಮೆಟ್ಟಿಲು. ನಿನ್ನ ತಾಯಿ ಎದ್ದ ಸಂತೋಷಕ್ಕೆ ಸಭೆಯವರು ಹೊಸ ಸುರುಳಿಯೊಂದನ್ನು ಬರೆಸಬೇಕೆಂದರು, ಅದನ್ನು ಆ ಹುಡುಗಿಯ ತಂದೆಯೇ ಬರೆಯಬೇಕೆಂದರು. ಬರೆದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮಂದಿರದಲ್ಲಿ ಸುರುಳಿ ಓದುವ ಸೋಮವಾರ ಗುರುವಾರಗಳಲ್ಲಿ ಇಂದಿಗೂ ಅದನ್ನೇ ತೆರೆಯುತ್ತಾರೆ. ನಾನು ಬರೆದ ಸುರುಳಿ ಬಾಯಿ ತೆರೆಯುವ ದಿನವೇ ನನ್ನ ಮಗಳ ಬಾಯಿ ಮುಚ್ಚಿರುತ್ತದೆ ಎಂಬುದನ್ನು ಮೂವತ್ತೆಂಟು ವರ್ಷ ಆ ಓದನ್ನು ಕೇಳುತ್ತ ಕುಳಿತವನಿಗಿಂತ ಚೆನ್ನಾಗಿ ಬಲ್ಲವರಾರು? ಹರಕೆಯ ಗೌರವ ಹೇಗಿರಬೇಕೆಂದು ಯುವಕರಿಗೆ ಬೋಧಿಸುವಾಗಲೆಲ್ಲ ನಿನ್ನ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಗಡ್ಡ ಬೆಳ್ಳಗಾಗಿ ನಾನೂ ಹಿರಿಯರ ಪಂಕ್ತಿಯಲ್ಲಿ ಕುಳಿತೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಕ್ಕರೂ ನಗು. ಮೊದಲ ವಾರ ನೀನು ಒಣಗಿದ ತುಟಿಯಲ್ಲಿ ಸಂಜೆಗಾಗಿ ಕಾಯುತ್ತಿದ್ದುದನ್ನು ನೋಡಲಾರದೆ ನಾನೂ ನಿನ್ನ ಜೊತೆ ಉಪವಾಸ ಮಾಡಿದೆ, ಗುಟ್ಟಾಗಿ. ಗುರುವಾರ ಮಾಡಿದೆ, ಸೋಮವಾರವೂ ಮಾಡಿದೆ. ಮೂರನೆಯದನ್ನು ಮಾಡಲಿಲ್ಲ. ಯಾಕೆ ಗೊತ್ತೇ? ಒಳ್ಳೆಯ ಆಚಾರವನ್ನು ‘ಹರಕೆ ಅಲ್ಲ’ ಎನ್ನದೆ ಮೂರು ಸಲ ನಡೆಸಿದರೆ ಅದೇ ಹರಕೆಯಂತೆ ಕಟ್ಟುತ್ತದೆ ಎಂದು ನಮ್ಮವರ ನಿಯಮ. ನಿಯಮ ಬಲ್ಲವನಾದ್ದರಿಂದ ಎರಡಕ್ಕೇ ನಿಲ್ಲಿಸಿ, ನಿನ್ನ ತಾಯಿಯ ಕೂಸ್‌ಕೂಸಿನ ತಟ್ಟೆಯ ಮುಂದೆ ಕುಳಿತೆ. ಬಲ್ಲವನಿಗೆ ತಪ್ಪಿಸಿಕೊಳ್ಳುವ ದಾರಿಗಳೂ ಗೊತ್ತಿರುತ್ತವೆ; ಏನೂ ಅರಿಯದ ಕೂಸು ನೇರವಾಗಿ ನಡೆದು ಸಿಕ್ಕಿಬೀಳುತ್ತದೆ.

ಆದಕಾರಣ, ಮಗಳೇ, ಈ ಉಪವಾಸದ ಹೊರೆಯಲ್ಲಿ ನನ್ನ ಪಾಲೂ ಇದೆ. ಪಾಲೇನು, ಹೆಚ್ಚು ಭಾಗ ನನ್ನದೇ. ಆ ಸಂಜೆ ಒಂದು ಮಾತು ಆಡದಿದ್ದ ತಪ್ಪಿಗೆ ನಿನ್ನ ಕ್ಷಮೆ ಬೇಡುತ್ತೇನೆ. ಕ್ಷಮೆಯ ತಿಂಗಳಲ್ಲಿ ತಂದೆ ಮಗಳಲ್ಲಿ ಬೇಡಬಾರದೆಂದು ಎಲ್ಲಿಯೂ ಬರೆದಿಲ್ಲ. ನನ್ನ ಮೌನವೇ ನಿನಗೆ ಬಾಗಿಲಾಗಬಹುದೇ ಎಂದು ಮೂರು ರಾತ್ರಿ ಪುಸ್ತಕಗಳನ್ನು ತಿರುವಿ ನೋಡಿದೆ. ಆಗದು. ಮೌನ ಹರಕೆಯ ನಂತರದ್ದು. ಅದು ನನ್ನ ಪಾಪವಾದೀತೇ ಹೊರತು ನಿನ್ನ ಬಿಡುಗಡೆಯಾಗದು. ಹಾಗಿದ್ದರೂ ಬೇಡುತ್ತೇನೆ: ನಾಳೆ ಗುರುವಾರ. ವೈದ್ಯರು ಹೇಳಿದಂತೆ ಔಷಧಿಯನ್ನೂ ಅನ್ನವನ್ನೂ ತೆಗೆದುಕೋ. ಸಿಡುಕಬೇಡ, ಮುದುಕನೊಬ್ಬನ ಬೇಡಿಕೆಯೆಂದು ತಿಳಿದಾದರೂ ತೆಗೆದುಕೋ. ವಿಕ್ತೋರನಿಗೆ, ಕೊರಿನ್‌ಗೆ ನನ್ನ ಆಶೀರ್ವಾದಗಳು. ಆ ಹುಡುಗಿಗೆ ಹೇಳು, ಅವಳ ಪ್ರಶ್ನೆ ಅಜ್ಜನಿಗೆ ತಲುಪಿತೆಂದು. ಬರುವ ವರ್ಷಕ್ಕೆ ದೇವರು ಬರೆಯುವ ಪಟ್ಟಿಯಲ್ಲಿ ನಿನ್ನ ಹೆಸರು ಬಾಳುವವರ ಸಾಲಿನಲ್ಲಿ ಬರೆಯಲ್ಪಡಲಿ. ಆ ಬರಹಗಾರನ ಕೈ ನನ್ನ ಕೈಯ ಹಾಗೆ ತಪ್ಪದಿರಲಿ. ನಿನ್ನ ತಾಯಿ ಕಟ್ಟಿಕೊಟ್ಟ ಒಣ ಅಂಜೂರದ ಗಂಟು ಪತ್ರದ ಜೊತೆಗಿದೆ, ಜೋಪಾನ.

ಇತಿ, ನಿನ್ನನ್ನು ಎತ್ತಿ ಆಡಿಸಿದ
ಅಪ್ಪ ಫ್ರಾಜಿ

ಮತ್ತೆ: ಸಹಿ ಹಾಕಿ ಮಡಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಖಲ್ಫೋನ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. “ಮಾವಾ, ವಿಮಾನ ನಮ್ಮೂರ ಕತ್ತೆ ಅಲ್ಲ, ನನಗೋಸ್ಕರ ನಿಲ್ಲಲ್ಲ” ಎನ್ನುತ್ತಿದ್ದಾನೆ. ನಿಲ್ಲಲಿ. ಅವನ ಸದ್ದು ಕೇಳಿ ನಿನ್ನ ತಾಯಿ ಹಿಟ್ಟಿನ ಕೈಯಲ್ಲೇ ಬಂದು, “ನನ್ನದೂ ಒಂದು ಸಾಲು ಬರೀರಿ. ನಾನು ಇನ್ನೂ ಸತ್ತಿಲ್ಲ, ಕಲ್ಲಿನ ಹಾಗೆ ಕೂತಿದ್ದೀನಿ, ಅವಳು ಉಣ್ಣಲಿ ಅಂತ ಬರೀರಿ” ಎಂದಳು. ಬರೆದೆ. ತಿರುಗಿ ಹೊರಟವಳು ಅಲ್ಲೇ ನಿಂತು, ನನ್ನನ್ನಲ್ಲ, ಗೋಡೆಯನ್ನು ಕೇಳಿದ ಹಾಗೆ ಕೇಳಿದಳು: “ನನ್ನ ಉಸಿರನ್ನ ತಗೊಂಡು ಹೋಗಿ ಆ ಕೂಸಿನ ಹೊಟ್ಟೆಗೆ ಕಟ್ಟಿದ್ದು ಯಾರು?”

ಕಟ್ಟಿದವನು ನಾನು, ಕಮೂನಾ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಪೂರ್ತಿಯಲ್ಲ. ಆ ಮಂಗಳವಾರ ಬೆಳಗಾಗುವ ಹೊತ್ತಿಗೇ ನಿನ್ನ ತಾಯಿಯ ಜ್ವರ ಇಳಿದಿತ್ತು. ಇಟಲಿಯ ವೈದ್ಯ ಬಂದು ನಾಡಿ ನೋಡಿ, “ಗಂಡಾಂತರ ಕಳೀತು, ಇನ್ನು ನಿದ್ದೆ ಮಾಡೋಕೆ ಬಿಡಿ” ಎಂದು ಹೇಳಿ ಹೋದ. ಯಾರ ಕಣ್ಣೂ ಬೀಳದಿರಲೆಂದು ನಾನು ಯಾರಿಗೂ ಹೇಳಲಿಲ್ಲ, ನಿನ್ನ ಅತ್ತೆಗೂ ಹೇಳಲಿಲ್ಲ. ಹದಿನೇಳು ರಾತ್ರಿ ನಿದ್ದೆಗೆಟ್ಟು ಅಲ್ಲೇ ಉರುಳಿದವನು ಎದ್ದದ್ದು ಅಪರಾಹ್ನಕ್ಕೆ. ನನ್ನ ಕೈಯಲ್ಲಿದ್ದ ಎಣ್ಣೆ ಬೇಡಿಕೊಳ್ಳಲು ತಂದದ್ದೆಂದು ನೀನೂ ಊರೂ ತಿಳಿದಿರಿ. ಅದು ಬೇಡಿಕೆಯ ಎಣ್ಣೆಯಲ್ಲ, ಉಪಕಾರ ನೆನೆಯುವ ಎಣ್ಣೆ. ನೀನು ಪರದೆ ಸರಿಸಿ ಕೂಗಿದಾಗ ನಿನ್ನ ತಾಯಿ ನಮ್ಮ ಮನೆಯಲ್ಲಿ ಬೆವರಿ ತಂಪಾಗಿ ಮಲಗಿದ್ದಳು. ‘ಅಮ್ಮ ಉಳಿದಳು ಮಗೂ’ ಎಂಬ ಮೂರು ಪದ ನನ್ನ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಗುರುಗಳ ಕೈ ನನ್ನ ಭುಜದ ಮೇಲೆ ಬಿತ್ತು.

ನೀನು ಕೇಳುವ ಮುನ್ನವೇ ದೇವರು ಕೊಟ್ಟಾಗಿತ್ತು. ನಿನ್ನಿಂದ ಏನನ್ನೂ ಪಡೆದು ಕೊಟ್ಟದ್ದಲ್ಲ. ಹಾಗಾಗಿ ಹಿಂದಕ್ಕೆ ಕೇಳುವುದೂ ಇಲ್ಲ. ನಿನ್ನ ತಾಯಿ ಅವನ ದಯೆಯಿಂದ ಬದುಕಿದ್ದಾಳೆ, ನಿನ್ನ ಹಸಿವಿನಿಂದಲ್ಲ. ಇದೇ ಬಾಗಿಲು. ಅದು ಆ ದಿನವೇ ಅಲ್ಲಿತ್ತು, ಅಡ್ಡ ನಿಂತವನು ನಾನು. ಈ ಪತ್ರವನ್ನೇ ಹಿಡಿದು ಅಲ್ಲಿಯ ಮೂವರ ಮುಂದೆ ನಿಲ್ಲು. ಇದು ತಿಳಿದಿದ್ದರೆ ಹೊರುತ್ತಿದ್ದೆಯಾ ಎಂದು ಅವರು ಕೇಳಲಿ. ಹಟಕ್ಕೆ ಬೀಳದೆ, ಆ ಹನ್ನೆರಡು ವರ್ಷದವಳನ್ನು ಕೇಳಿ ಉತ್ತರ ಹೇಳು. ಮೂವತ್ತೆಂಟು ವರ್ಷದ ಉಪವಾಸಗಳು ಎಲ್ಲಿ ಹೋದವು ಎಂದು ನೀನು ನನ್ನನ್ನು ಬೈದರೂ ಸರಿ. ನನ್ನ ಮುಖ ನೋಡುವುದಿಲ್ಲವೆಂದರೂ ಸರಿ. ನಾಳೆ ಉಣ್ಣು.

ಹೊಸ ವರ್ಷದ ಮುನ್ನಾದಿನ, ಊರೆಲ್ಲ ಹರಕೆ ಬಿಡಿಸಿಕೊಳ್ಳಲು ಸೇರುವ ಬೆಳಿಗ್ಗೆ, ನಾನು ಮೂವರ ಪೀಠದಲ್ಲಿ ಕೂರುವುದಿಲ್ಲ. ಎದುರಿಗೆ ನಿಂತು ಇದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅದಕ್ಕೂ ಮೊದಲು, ಖಲ್ಫೋನ್ ಬೆನ್ನು ತಿರುಗಿಸಿದ ಕೂಡಲೇ, ಅಡುಗೆಮನೆಗೆ ಹೋಗಿ ನಿನ್ನ ತಾಯಿಗೆ ಹೇಳುತ್ತೇನೆ. ಬಿಸಿಲು ಇನ್ನೂ ಅಂಗಳದ ಗೋಡೆಯ ಮೇಲಿದೆ, ಹೊತ್ತಿದೆ. ಈ ಮಾತಿಗೆ ಆ ಎರಡು ಪದಗಳನ್ನು ನಾನು ಸೇರಿಸಿಲ್ಲ, ಗಮನಿಸು. ಮರೆತು ಬಿಟ್ಟದ್ದಲ್ಲ.